ಬಾಸ್ ಗಿಟಾರು ಏಕೆ ಮೂಕವಾಗುತ್ತದೆ?

ವಿದ್ಯುತ್ತಿನಿಂದ ನುಡಿಯುವ ವಾದ್ಯಗಳು ಈಗ ಪಟ್ಟಣದವರ ಸೊತ್ತಾಗಿ ಉಳಿದಿಲ್ಲ. ಬಸವಕಲ್ಯಾಣ ತಾಲ್ಲೂಕಿನ ನಮ್ಮ ಮೋರಖಂಡಿಯಂಥ ಊರಿನ ಮದುವೆ ಮೆರವಣಿಗೆಗೆ ಬೆಂಜೋ ಬರುತ್ತದೆ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಾಸ್ ಗಿಟಾರು ಬರುತ್ತದೆ. ಬೆಂಜೋ, ಜಪಾನಿನ ನಗೋಯಾ ನಗರದಲ್ಲಿ 1912ರಲ್ಲಿ ಗೋರೋ ಮೊರಿತ ಎಂಬವರು ರಚಿಸಿದ ತೈಶೋಗೊತೊ ವಾದ್ಯದ ಸಂತತಿ. ಬಾಸ್ ಗಿಟಾರಿಗೆ ಇಂದಿನ ಪ್ರಚಾರ ದೊರೆತದ್ದು ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬಾಸಿನಿಂದ. ಹುಟ್ಟೂರು ಬೇರೆಯಾದರೂ ಎರಡಕ್ಕೂ ತಗಲುವ ರೋಗ ಒಂದೇ. ಹಾಡು ರಂಗೇರುತ್ತಿರುವಾಗ ಕರಕರ ಸದ್ದು ಕೇಳಿಬರುತ್ತದೆ; ಬಳಿಕ ವಾದ್ಯ ಮೂಕವಾಗುತ್ತದೆ. ಸಭಿಕರು ನುಡಿಸುವವನನ್ನು ನೋಡಿ ನಗುತ್ತಾರೆ. ದೋಷ ಬಹಳ ಸಲ ಇರುವುದು ಅವನ ಬೆರಳಲ್ಲಲ್ಲ, ವಾದ್ಯದ ಅಂಚಿನಲ್ಲಿರುವ ಜ್ಯಾಕಿನಲ್ಲಿ. ಅದನ್ನು ಸರಿಪಡಿಸುವ ಬಗೆಯನ್ನು ನಾನು ಕೈಯಾರೆ ಮಾಡಿ ತಿಳಿದಷ್ಟು ಇಲ್ಲಿ ನಿವೇದಿಸುತ್ತೇನೆ.

ಮೊದಲು ನಾದದ ದಾರಿಯನ್ನು ತಿಳಿಯೋಣ. ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ತೆಳು ತಾಮ್ರದ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡ ತತ್ವವೇ. ಹೀಗೆ ಹುಟ್ಟಿದ ಅತಿ ಸೂಕ್ಷ್ಮ ವಿದ್ಯುತ್ತು ಎರಡು ತಂತಿಗಳಲ್ಲಿ ಜ್ಯಾಕಿಗೆ ಬಂದು, ಅಲ್ಲಿಂದ ಕೇಬಲಿನ ಮೂಲಕ ಆಂಪ್ಲಿಫೈಯರಿಗೆ ಹೋಗುತ್ತದೆ. ಕಾಲಂಗುಲದ ಈ ಜ್ಯಾಕು ಸಂಗೀತಕ್ಕಾಗಿ ಹುಟ್ಟಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆಗಳನ್ನು ಜೋಡಿಸಲು ಹುಟ್ಟಿದ್ದು. ಇದರ ವ್ಯಾಸ 6.35 ಮಿಲಿಮೀಟರು. ಪ್ಲಗ್ಗಿನ ತುದಿಯನ್ನು ಬಾಗಿದ ಒಂದು ಸ್ಪ್ರಿಂಗ್ ಪಟ್ಟಿ ಒತ್ತಿ ಹಿಡಿಯುತ್ತದೆ; ಇದು ನಾದದ ತಂತಿಯ ದಾರಿ. ಪ್ಲಗ್ಗಿನ ಮೈಯನ್ನು ಜ್ಯಾಕಿನ ಕೊಳವೆ ಮುಟ್ಟುತ್ತದೆ. ಇದು ಅರ್ತ್ ತಂತಿಯ ದಾರಿ.

ಜ್ಯಾಕು ಕೆಡುವುದೇಕೆ? ಎಳೆದಾಟದಿಂದ ಅದರ ನಟ್ಟು ಸಡಿಲವಾಗುತ್ತದೆ. ಆಗ ಪ್ಲಗ್ ಹಾಕಿದಾಗಲೆಲ್ಲ ಜ್ಯಾಕೇ ತಿರುಗುತ್ತದೆ. ಒಳಗಿನ ತಂತಿಗಳು ಹುರಿಗೊಂಡು ಬೆಸುಗೆಯ ಬಳಿ ಕಡಿಯುತ್ತವೆ. ಎರಡನೆಯದಾಗಿ, ಸ್ಪ್ರಿಂಗ್ ಪಟ್ಟಿಯ ಬಿಗುವು ತಗ್ಗುತ್ತದೆ. ಮೂರನೆಯದಾಗಿ, ಬೆವರು ಧೂಳುಗಳಿಂದ ಲೋಹಕ್ಕೆ ಕಿಲುಬು ಹಿಡಿಯುತ್ತದೆ.

ಲಕ್ಷಣಗಳಿಂದಲೇ ಕಾರಣವನ್ನು ಊಹಿಸಬಹುದು. ಪ್ಲಗ್ಗನ್ನು ಅಲುಗಿಸಿದಾಗ ಕರಕರ ಎಂದರೆ ಪಟ್ಟಿ ಸಡಿಲ ಅಥವಾ ಕಿಲುಬು. ಜೋರಾಗಿ ಗುಂಯ್‌ಗುಟ್ಟಿದರೆ ಅರ್ತ್ ತಂತಿ ಕಡಿದಿರಬಹುದು. ಗುಂಯ್ ಸಹ ಇಲ್ಲದೆ ಪೂರ್ಣ ನಿಶ್ಶಬ್ದವಾದರೆ ಎರಡು ತಂತಿಗಳು ಒಂದಕ್ಕೊಂದು ತಗಲಿರಬಹುದು. ಬಾಸಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಬಾಸಿನ ಅತಿ ಮಂದ್ರ ತಂತಿಯ ಮೂರನೆಯ ಮನೆಯಲ್ಲಿ ಒತ್ತಿ ನುಡಿಸಿದರೆ ಬರುವ ಸ್ವರದ ಕಂಪನ ಸುಮಾರು 49. ಆದುದರಿಂದ ಕಡಿದ ತಂತಿಯ ಗುಂಯ್ ಸದ್ದನ್ನು ಕೆಲವರು ವಾದ್ಯದ ಸ್ವರವೆಂದೇ ಭ್ರಮಿಸುವುದುಂಟು!

ಇನ್ನು ಚಿಕಿತ್ಸೆ. ಮೊದಲು ಬೇರೊಂದು ಕೇಬಲ್ ಹಾಕಿ ನೋಡಬೇಕು. ಅರ್ಧ ದೂರುಗಳು ಅಲ್ಲಿಯೇ ಮುಗಿಯುತ್ತವೆ. ರೋಗ ಹೋಗದಿದ್ದರೆ ಕೇಬಲ್ ತೆಗೆದು, ಜ್ಯಾಕಿರುವ ತಗಡಿನ ಸ್ಕ್ರೂಗಳನ್ನು ಬಿಚ್ಚಬೇಕು. ನಟ್ಟನ್ನು ಹೊರಗಿನಿಂದ ಮಾತ್ರ ತಿರುಗಿಸಕೂಡದು. ಒಳಗೆ ಜ್ಯಾಕನ್ನು ಬೆರಳಿನಿಂದ ಹಿಡಿದುಕೊಂಡೇ ಬಿಗಿಸಬೇಕು. ಕಿಲುಬಿದ್ದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ ಒರೆಸಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗಿ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಪಟ್ಟಿ ಸಡಿಲವಾಗಿದ್ದರೆ ಪ್ಲಗ್ ತೆಗೆದು ಅದನ್ನು ತುಸುವೇ ಒಳಕ್ಕೆ ಬಾಗಿಸಬೇಕು. ಪದೇ ಪದೇ ಬಾಗಿಸಿದರೆ ಮುರಿಯುತ್ತದೆ. ಅಂಥದನ್ನು ಬದಲಿಸುವುದೇ ಲೇಸು.

ತಂತಿ ಕಡಿದಿದ್ದರೆ ಬೆಸುಗೆ ಅನಿವಾರ್ಯ. ಯಾವ ಕಿವಿ ಯಾವುದಕ್ಕೆ ಸೇರಿದ್ದೆಂದು ಮೊದಲು ಗುರುತಿಸಬೇಕು: ಬಾಗಿದ ಪಟ್ಟಿಗೆ ಕೂಡಿದ ಕಿವಿ ನಾದದ ತಂತಿಗೆ, ಕೊಳವೆಗೆ ಕೂಡಿದ ಕಿವಿ ಅರ್ತ್ ತಂತಿಗೆ. ಹಳೆಯ ಬೆಸುಗೆಯನ್ನು ತೆಗೆದು, ತಂತಿಯನ್ನು ಕಿವಿಯ ರಂಧ್ರದಲ್ಲಿ ಪೋಣಿಸಿ ಮಡಿಚಬೇಕು. ಕಾಯಿಸಬೇಕಾದದ್ದು ಕಿವಿಯನ್ನು, ಅದು ಕಾದ ಮೇಲೆ ಸೀಸ-ತವರದ ತಂತಿ ತಾನಾಗಿ ಕರಗಿ ಹರಿಯುತ್ತದೆ. 60-40ರ ಈ ಮಿಶ್ರಲೋಹ ಸುಮಾರು 190 ಡಿಗ್ರಿ ಸೆಂಟಿಗ್ರೇಡಿನಲ್ಲಿ ಪೂರ್ತಿ ಕರಗುವುದರಿಂದ 25 ವಾಟಿನ ಸೋಲ್ಡರಿಂಗ್ ಐರನ್ ಸಾಕು. ಆರುವವರೆಗೆ ಅಲುಗಿಸಬಾರದು, ಹೊಳೆದರೆ ಒಳ್ಳೆಯ ಬೆಸುಗೆ, ಮಂಕಾಗಿ ಗಂಟುಗಂಟಾದರೆ ಮತ್ತೆ ಕಾಯಿಸಬೇಕು.

ಕೆಲಸ ಮುಗಿಯಿತೆಂದು ತಿಳಿಯುವುದು ಹೇಗೆ? ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಕೇಬಲಿನ ಇನ್ನೊಂದು ಕೊನೆಯಲ್ಲಿ ತುದಿಗೂ ಮೈಗೂ ಮಲ್ಟಿಮೀಟರ್ ಹಿಡಿಯಬೇಕು. ಬ್ಯಾಟರಿಯಿಲ್ಲದ ಬಾಸಿನಲ್ಲಿ ಕೆಲವು ಸಾವಿರ ಓಮ್ ತೋರಿಸಿದರೆ ಸರಿ. ಸೊನ್ನೆ ತೋರಿಸಿದರೆ ತಂತಿಗಳು ತಗಲಿವೆ. ಅನಂತವಾದರೆ ಎಲ್ಲಿಯೋ ಕಡಿದಿದೆ. ಬ್ಯಾಟರಿಯಿರುವ ಬಾಸಿನಲ್ಲಿ ಸಾಮಾನ್ಯವಾಗಿ ಮೂರು ಕಿವಿಗಳ ಜ್ಯಾಕಿರುತ್ತದೆ; ಪ್ಲಗ್ ಹಾಕಿದೊಡನೆ ಬ್ಯಾಟರಿ ಕೆಲಸಕ್ಕೆ ತೊಡಗುತ್ತದೆ. ಆದುದರಿಂದ ನುಡಿಸಿದ ಮೇಲೆ ಪ್ಲಗ್ ತೆಗೆದಿಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಹಗುರವಾಗಿ ಭಾವಿಸಬಾರದು. ಗಿಟಾರಿನ ಉಕ್ಕಿನ ತಂತಿಗಳು ಜ್ಯಾಕಿನ ಅರ್ತ್ ಮೂಲಕ ಆಂಪ್ಲಿಫೈಯರಿನ ಮೈಗೆ ಕೂಡಿರುತ್ತವೆ. ಆಂಪ್ಲಿಫೈಯರಿನಲ್ಲಿ ದೋಷವಿದ್ದು, ಮೂರನೆಯ ಪಿನ್ನನ್ನು ಮುರಿದುಹಾಕಿದ್ದರೆ, ವಿದ್ಯುತ್ತು ನುಡಿಸುವವನ ಕೈಗೇ ಬರುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟರು. ಗುಂಯ್ ಸದ್ದು ನಿಲ್ಲಲೆಂದು ಮೂರನೆಯ ಪಿನ್ನು ಮುರಿಯುವ ರೂಢಿ ಎಲ್ಲೇ ಇರಲಿ, ಅದನ್ನು ಬಿಡಬೇಕು. ಜ್ಯಾಕನ್ನು ಸರಿಪಡಿಸುವುದು ನಮ್ಮ ಕೆಲಸ. ಆಂಪ್ಲಿಫೈಯರಿನ ಒಳಗನ್ನು ಬಲ್ಲವರಿಗೇ ಬಿಡಬೇಕು.

ಕಲಾ ವಿಭಾಗದವರಿಗೆ ಈ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ವಾದ್ಯ ನಮ್ಮದು, ಹಾಡುವವರು ನಮ್ಮವರು. ಎರಡು ತಂತಿ ಬೆಸೆಯಲು ಸೊಲ್ಲಾಪುರಕ್ಕೋ ಹೈದರಾಬಾದಿಗೋ ವಾದ್ಯ ಹೊತ್ತುಕೊಂಡು ಹೋಗುವುದು ತರವಲ್ಲ. ಪ್ರತಿ ಕಾಲೇಜಿನ ಸಂಗೀತದ ಕಪಾಟಿನಲ್ಲಿ ಒಂದು ಸೋಲ್ಡರಿಂಗ್ ಐರನ್, ಒಂದು ಮೀಟರು, ಎರಡು ಹೊಸ ಜ್ಯಾಕುಗಳು ಇರಲಿ, ಅವನ್ನು ಬಳಸಬಲ್ಲ ವಿದ್ಯಾರ್ಥಿಗಳು ವರ್ಷಕ್ಕಿಬ್ಬರಾದರೂ ತಯಾರಾಗಲಿ ಎಂದು ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ವಿನಂತಿ.