ತಂದೆಯ ಮೆಚ್ಚುಗೆ, ಮಗನ ಮತ್ಸರ

ಧ್ರುವನ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಐದು ವರ್ಷದ ಬಾಲಕ ತಂದೆಯ ತೊಡೆಯೇರಲು ಹೋದಾಗ ಅಲ್ಲಿ ಸುರುಚಿಯ ಮಗ ಉತ್ತಮ ಕುಳಿತಿದ್ದ. ಮಲತಾಯಿಯ ಮಾತು ಕಟುವಾದುದೇ ಸರಿ. ಆದರೆ ಮಗುವನ್ನು ಹೆಚ್ಚು ನೋಯಿಸಿದ್ದು ಉತ್ತಾನಪಾದ ಮಹಾರಾಜನ ಮೌನವೆಂದು ನನಗೆ ತೋರುತ್ತದೆ. ಮಕ್ಕಳ ಮತ್ಸರದ ಮೂಲ ಅಲ್ಲಿದೆ. ಮಗು ಹೊಟ್ಟೆಕಿಚ್ಚುಪಡುವುದು ತಮ್ಮನನ್ನು ಕಂಡಲ್ಲ, ತನ್ನತ್ತ ತಿರುಗದ ತಂದೆಯ ಮುಖವನ್ನು ಕಂಡು.

ವಿಯೆನ್ನಾದ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್ (1870–1937) ತಮ್ಮನೋ ತಂಗಿಯೋ ಹುಟ್ಟಿದಾಗ ಹಿರಿಯ ಮಗುವಿನ ಸ್ಥಿತಿಯನ್ನು ಸಿಂಹಾಸನದಿಂದ ಇಳಿಸಲ್ಪಟ್ಟ ಅರಸನ ಸ್ಥಿತಿಗೆ ಹೋಲಿಸಿದನು. ಕಳೆದುಕೊಂಡ ಸ್ಥಾನವನ್ನು ಮರಳಿ ಪಡೆಯುವ ಹಂಬಲ ಬಾಲ್ಯದೊಡನೆಯೇ ಮುಗಿಯುವುದಿಲ್ಲ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936)ಯ ರಾಮಯ್ಯನನ್ನು ಈ ದೃಷ್ಟಿಯಿಂದ ನೋಡಬಹುದು. ಹೂವಯ್ಯ, ರಾಮಯ್ಯ ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಮೈಸೂರಿನಲ್ಲಿ ಜೊತೆಯಾಗಿ ಓದಿದವರು. ಹೂವಯ್ಯನಿಗೆ ತಂದೆಯಿಲ್ಲ. ರಾಮಯ್ಯನಿಗೆ ತಂದೆಯಿದ್ದಾರೆ, ಆದರೆ ಅವರು ಮುಂಗೋಪಿಯಾದ ಚಂದ್ರಯ್ಯಗೌಡರು. ಅಣ್ಣನ ಮಗನ ಮೇಲೆ ಗೌಡರ ದ್ವೇಷ ಬೆಳೆದಂತೆಲ್ಲ ರಾಮಯ್ಯ ಅತ್ತ ಹೂವಯ್ಯನನ್ನು ಬಿಡಲಾರ, ಇತ್ತ ತಂದೆಯನ್ನು ಎದುರಿಸಲಾರ. ಮನೆ ಪಾಲಾಗುತ್ತದೆ. ಹೂವಯ್ಯನಲ್ಲಿ ಮನಸ್ಸಿಟ್ಟ ಸೀತೆಯನ್ನೇ ತನಗೆ ತರುವ ಏರ್ಪಾಡಾದಾಗಲೂ ಅವನು ದೃಢವಾಗಿ ಒಲ್ಲೆನೆನ್ನಲಾರ. ಅವನ ತಮ್ಮ ವಾಸು ಇನ್ನೂ ಹುಡುಗ. ಅವನು ಪ್ರೀತಿ ದೊರೆಯುವ ಕಡೆಗೆ, ಹೂವಯ್ಯನ ಕಡೆಗೆ, ಸಹಜವಾಗಿ ಸಾಗುತ್ತಾನೆ. ಓದಿದ ರಾಮಯ್ಯನಾದರೋ ಮುಚ್ಚಿದ ಬಾಗಿಲ ಮುಂದೆಯೇ ನಿಂತಿರುತ್ತಾನೆ. ತಂದೆಯ ಮೆಚ್ಚುಗೆಗಾಗಿ ತೆರಬೇಕಾದ ಬೆಲೆ ತನ್ನ ವಿವೇಕವೇ ಆದಾಗ, ಆ ಮೆಚ್ಚುಗೆ ದೊರೆತರೂ ಮನುಷ್ಯ ಬಡವನಾಗುತ್ತಾನೆ.

ಈ ಕಾದಂಬರಿಯನ್ನು ಓದುವಾಗ ನನ್ನದೇ ಒಂದು ನೆನಪು ಮರುಕಳಿಸಿತು. ದೇವನಹಳ್ಳಿಯ ಸೀಮೆ ದ್ರಾಕ್ಷಿಗೂ ಚಕ್ಕೋತಕ್ಕೂ ಹೆಸರಾದುದು. ನಮ್ಮದೂ ಒಂದು ಸಣ್ಣ ದ್ರಾಕ್ಷಿ ತೋಟ. ನಾನು ಏಳನೆಯ ತರಗತಿಯಲ್ಲಿ ಮೊದಲಿಗನಾಗಿ ಅಂಕಪಟ್ಟಿ ತಂದ ಸಂಜೆ, ಅಪ್ಪ ಅದರ ಮೇಲೆ ಹೆಬ್ಬೆಟ್ಟು ಒತ್ತಿ ಸುಮ್ಮನೆ ಹಿಂದಿರುಗಿಸಿದರು. ಅದೇ ಸಂಜೆ ತಮ್ಮ ಒಂದು ಗೊನೆಯೂ ನಲುಗದಂತೆ ದ್ರಾಕ್ಷಿ ಕೊಯ್ದು ತಂದಾಗ, “ಭೇಷ್ ಕಣೋ ಮಗ” ಎಂದು ಅವನ ಬೆನ್ನು ತಟ್ಟಿದರು. ಬಹಳ ದಿನ ನಾನು ತಮ್ಮನೊಡನೆ ಸರಿಯಾಗಿ ಮಾತನಾಡಲಿಲ್ಲ.

ಅಪ್ಪನಿಗೆ ಗೊನೆಯ ಬೆಲೆ ಗೊತ್ತಿತ್ತು, ಅಂಕದ ಬೆಲೆ ಗೊತ್ತಿರಲಿಲ್ಲ ಎಂಬುದು ಈಗ ತಿಳಿಯುತ್ತದೆ. ಓದಲು ಬಾರದವರು ಓದನ್ನು ಹೊಗಳುವುದಾದರೂ ಹೇಗೆ? ಆದರೆ ಆ ಓದಿಗೆ ಹಣ ಕಟ್ಟಿದವರು ಅವರೇ. ನಮ್ಮ ಕಾಲೇಜಿನಲ್ಲಿ ಮನೆಗೆ ಮೊದಲ ಪದವೀಧರರಾಗಲಿರುವ ಗೆಳೆಯರು ಅನೇಕರಿದ್ದಾರೆ. ತಂದೆಯ ಮೌನವನ್ನು ತಿರಸ್ಕಾರವೆಂದು ಎಣಿಸುವ ಮೊದಲು ಅವರು ಒಮ್ಮೆ ಯೋಚಿಸಲಿ. ತಮ್ಮನೊಡನೆ ನಾನು ಕಳೆದುಕೊಂಡ ಆ ದಿನಗಳು ಮಾತ್ರ ಮರಳಿ ಬಾರವು.