ನಿಮಗಿದು ಗೊತ್ತೆ? ಬೀದರಿನ ಶುಂಠಿ, ಬೆಂಗಳೂರಿನ ಪ್ರಯೋಗ
‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಬೀದರ್ ಜಿಲ್ಲೆಗೆ ಗೊತ್ತುಪಡಿಸಿದ ಬೆಳೆ ಶುಂಠಿ. ಬೀದರ್ ನಗರ ಇರುವುದು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲೆ. ಆ ಮಣ್ಣಿನಲ್ಲಿ ನೀರು ನಿಲ್ಲದೆ ಬಸಿದುಹೋಗುತ್ತದೆ. ಬುಡದಲ್ಲಿ ನೀರು ನಿಂತರೆ ಶುಂಠಿಯ ಗೆಡ್ಡೆ ಕೊಳೆಯುತ್ತದೆ. ಭಾಲ್ಕಿ, ಔರಾದ್ ಕಡೆ ಎರೆಭೂಮಿಯೇ ಹೆಚ್ಚು. ಅಲ್ಲಿ ಶುಂಠಿ ಹಾಕುವವರು ಏರುಮಡಿ ಮಾಡಿ ಬಸಿಗಾಲುವೆ ತೆಗೆಯುವುದು ಒಳಿತು.

ಹಸಿ ಶುಂಠಿಯ ಖಾರ ಜಿಂಜರಾಲ್‌ನದು. ಒಣಗಿದಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗಿ ಬದಲಾಗುತ್ತದೆ. ಶೋಗಾಲ್ ಇನ್ನೂ ಖಾರ. ಕಷಾಯಕ್ಕೆ ಒಣಶುಂಠಿ ಚಿಟಿಕೆ ಸಾಕಾಗುವುದು ಅದಕ್ಕೇ. ಶುಂಠಿಯ ಗುಣಗಳ ಪೈಕಿ ಗಟ್ಟಿ ಆಧಾರ ಸಿಕ್ಕಿರುವುದು ವಾಕರಿಕೆ ತಗ್ಗಿಸುವುದಕ್ಕೆ, ಅದರಲ್ಲೂ ಬಸುರಿಯರ ವಾಕರಿಕೆಗೆ.

ಅರಿಶಿಣದ ಹಾಲಿಗೆ ಕರಿಮೆಣಸು ಹಾಕುವ ರೂಢಿಗೂ ಕಾರಣವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮೈಗೆ ಹತ್ತುವ ಕರ್ಕ್ಯುಮಿನ್ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತ್ತು. ಆದರೆ ಅರಿಶಿಣದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. ಅಷ್ಟು ಕರ್ಕ್ಯುಮಿನ್‌ಗೆ 60 ಗ್ರಾಂಗೂ ಹೆಚ್ಚು ಪುಡಿ ಬೇಕು! ಹಾಗಾಗಿ ಒಂದು ಲೋಟ ಹಾಲಿನಿಂದ ಔಷಧದ ಫಲ ನಿರೀಕ್ಷಿಸುವುದು ತಪ್ಪು. ನೆಗಡಿಯಾದಾಗ ಗಂಟಲಿಗೆ ಹಿತವೆನಿಸಿದರೆ ಧಾರಾಳವಾಗಿ ಕುಡಿಯಿರಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು, ಪಿತ್ತಕೋಶದ ಕಲ್ಲು ಇರುವವರು ಅರಿಶಿಣ, ಶುಂಠಿಯ ಕ್ಯಾಪ್ಸೂಲ್ ಶುರು ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು.