ಗೇರ್‌ಬಾಕ್ಸ್ ಅಗ್ಗ, ನಂಟಸ್ತಿಕೆ ದುಬಾರಿ

ಅಮೆರಿಕದವರ ಮಾತಿನಲ್ಲಿ ಟ್ರಕ್ ಎಂದರೆ ನಮ್ಮ ಲಾರಿಯಲ್ಲ. ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್. 1990ರ ದಶಕದ ಫೋರ್ಡ್ ಎಫ್-150 ಅಂಥದ್ದೊಂದು. ಹುಲ್ಲಿನ ಪಿಂಡಿ, ದೋಣಿಯ ಟ್ರೇಲರ್, ಮನೆ ಬದಲಿಸುವವರ ಮಂಚ, ಎಲ್ಲವನ್ನೂ ಎಳೆದು ಹಣ್ಣಾದ ಈ ಗಾಡಿಗಳಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಡುವುದುಂಟು. ಅದನ್ನು ಬಿಚ್ಚಿ ಹೊಸದರಂತೆ ಕಟ್ಟಿಸಲು ಹೋದರೆ ಬರುವ ಬಿಲ್ಲು ಎಷ್ಟೋ ಸಲ ಗಾಡಿಯ ಬೆಲೆಯನ್ನೇ ಮೀರುತ್ತದೆ. ಆಗ ಮಾಲೀಕನ ಕಣ್ಣು ಗುಜರಿ ಅಂಗಳದ ಕಡೆಗೆ ಹೊರಳುತ್ತದೆ: ಅದೇ ಮಾದರಿಯ ಟ್ರಕ್ಕಿನ ಐದು ಗೇರಿನ ಮ್ಯಾನುಯಲ್ ಪೆಟ್ಟಿಗೆ ಅಲ್ಲಿ ಅಗ್ಗಕ್ಕೆ ಬಿದ್ದಿದೆ, ತಂದು ಸಿಕ್ಕಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಹಣ ಕಡಿಮೆ ಇರುವವರು ಗೇರ್‌ಬಾಕ್ಸ್ ಒಂದನ್ನೇ ಕೊಳ್ಳಬಾರದು, ಕೆಟ್ಟುನಿಂತ ಇಡೀ ಮ್ಯಾನುಯಲ್ ಟ್ರಕ್ಕನ್ನೇ ಕೊಳ್ಳಬೇಕು ಎಂಬುದು ನನ್ನ ವಾದ. ಕೇಳಲು ತಲೆಕೆಳಗಾದ ಲೆಕ್ಕದಂತಿದೆ. ಆದರೆ ಗೇರ್‌ಬಾಕ್ಸ್ ಎಂಬುದು ಬಿಡಿ ಸಾಮಾನಲ್ಲ. ಎಂಜಿನ್ನು, ನೆಲ, ಕಾಲು, ತಂತಿ, ಹಿಂದಿನ ಆಕ್ಸಲ್ ಇವೆಲ್ಲದರ ಜತೆ ನಂಟು ಬೆಳೆಸಿಕೊಂಡು ಕೂತಿರುವ ವಸ್ತು. ಪೆಟ್ಟಿಗೆಗೆ ಕೊಡುವ ಕಾಸು ಕಡಿಮೆ, ಆ ನಂಟುಗಳಿಗೆ ಕೊಡುವುದು ಹೆಚ್ಚು.

ಮೊದಲ ನಂಟು ಎಂಜಿನ್ನಿನ ಬೆನ್ನಿಗಿದೆ. 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಿಗೆ ಜನರಲ್ ಮೋಟಾರ್ಸ್ ಹೈಡ್ರಾಮ್ಯಾಟಿಕ್ ಕೂರಿಸಿದಂದಿನಿಂದ ಆಟೊಮ್ಯಾಟಿಕ್‌ನ ಮೂಲ ಉಪಾಯ ಬದಲಾಗಿಲ್ಲ. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯ ಹಿಡಿತ, ಆಚೆಗೆ ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಕಟ್ಟು. ಇಂದಿನ ಆಟೊಮ್ಯಾಟಿಕ್‌ಗಳಲ್ಲಿ ಆ ಎಣ್ಣೆಯ ಡಬ್ಬಿಗೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಅದು ತಾನೇ ಭಾರವಾಗಿರುವುದರಿಂದ ಕ್ರ್ಯಾಂಕ್‌ಶಾಫ್ಟ್ ತುದಿಗೆ ತೆಳುವಾದ ಉಕ್ಕಿನ ತಟ್ಟೆಯೊಂದನ್ನು ಬಿಗಿದು ಅದಕ್ಕೆ ಕನ್ವರ್ಟರನ್ನು ಜೋಡಿಸಿದರೆ ಸಾಕು. ಮ್ಯಾನುಯಲ್‌ನಲ್ಲಿ ಆ ಜಾಗಕ್ಕೆ ದಪ್ಪನೆಯ ಬೀಡಿನ ಫ್ಲೈವೀಲ್ ಬರಬೇಕು. ಅದರ ನುಣುಪು ಮುಖಕ್ಕೆ ಕ್ಲಚ್ ಪ್ಲೇಟು, ಅದರ ಬೆನ್ನಿಗೆ ಪ್ರೆಷರ್ ಪ್ಲೇಟು. ಕ್ರ್ಯಾಂಕ್‌ಶಾಫ್ಟಿನ ತುದಿಯ ಗುಳಿಯಲ್ಲಿ ಹೆಬ್ಬೆರಳ ಗಾತ್ರದ ಪೈಲಟ್ ಬೇರಿಂಗೂ ಬೇಕು, ಗೇರ್‌ಬಾಕ್ಸಿನ ಮುಂದಿನ ಶಾಫ್ಟು ಮೂತಿಯೂರುವುದು ಅದರಲ್ಲಿ. ಆಟೊಮ್ಯಾಟಿಕ್ ಗಾಡಿಯ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಆ ಗುಳಿ ಖಾಲಿ. ಮರೆತು ಜೋಡಿಸಿದರೆ ಶಾಫ್ಟು ಆಧಾರವಿಲ್ಲದೆ ಅದುರಿ ಮುಂದಿನ ಬೇರಿಂಗನ್ನು ತಿನ್ನುತ್ತದೆ. ಸರಿಪಡಿಸಲು ಐವತ್ತು ಕಿಲೋಗೂ ಮೀರಿದ ಪೆಟ್ಟಿಗೆಯನ್ನು ಮತ್ತೆ ಕೆಳಗಿಳಿಸಬೇಕು.

ಫ್ಲೈವೀಲ್ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಗುಂಡಿಯೊಂದಿದೆ. ಎಫ್-150ರ 5.0 ಲೀಟರಿನ ವಿ8 ಎಂಜಿನ್ನು, ಅಂದರೆ ಫೋರ್ಡಿನ ಹೆಸರಾಂತ 302, ತನ್ನ ತೂಕದ ಸಮತೋಲವನ್ನು ಪೂರ್ತಿ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿಲ್ಲ. ಸ್ವಲ್ಪ ಪಾಲನ್ನು ಫ್ಲೈವೀಲಿಗೂ ಮುಂದಿನ ಪುಲ್ಲಿಗೂ ಹೊರಿಸಿದೆ. ಹಾಗಾಗಿ ಅದರ ಫ್ಲೈವೀಲ್ ಬೇಕೆಂದೇ ಒಂದು ಪಕ್ಕಕ್ಕೆ ಭಾರ. 1980ರ ದಶಕದ ಆರಂಭದವರೆಗೆ ಆ ಭಾರ 28 ಔನ್ಸ್-ಇಂಚು, ಅಲ್ಲಿಂದಾಚೆಗೆ 50. ಬೋಲ್ಟಿನ ತೂತು ಅದೇ, ನೋಡಲು ತಟ್ಟೆಯೂ ಅದೇ. ಅಂಗಡಿಯವನು 302ರ ಫ್ಲೈವೀಲ್ ಎಂದೇ ಕೊಡುತ್ತಾನೆ, ಸುಳ್ಳೇನೂ ಹೇಳುವುದಿಲ್ಲ. ಹಳೆಯ ತಟ್ಟೆಯನ್ನು ಹೊಸ ಎಂಜಿನ್ನಿಗೆ ಬಿಗಿದರೆ 22 ಔನ್ಸ್-ಇಂಚಿನ ವ್ಯತ್ಯಾಸ ಉಳಿಯುತ್ತದೆ. ಸಣ್ಣ ಸಂಖ್ಯೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸುಮಾರು 160 ಕೆಜಿ ತೂಕದಷ್ಟು ಬಲವಾಗಿ, ಸೆಕೆಂಡಿಗೆ 50 ಸಲ ದಿಕ್ಕು ಬದಲಿಸುತ್ತ ಕ್ರ್ಯಾಂಕ್‌ಶಾಫ್ಟನ್ನು ಜಗ್ಗುತ್ತದೆ. ಇಬ್ಬರು ದಪ್ಪನೆಯ ಆಳುಗಳು ಎಂಜಿನ್ನಿನ ಬಾಲಕ್ಕೆ ಜೋತುಬಿದ್ದು ಗಿರಗಿರನೆ ಸುತ್ತಿದಂತೆ. ಬೇರಿಂಗುಗಳು ಎಷ್ಟು ದಿನ ತಾಳಿಯಾವು? ಬೇರೆ ಬೇರೆ ಅಂಗಡಿಯಿಂದ ಅಗ್ಗದ್ದನ್ನು ಆರಿಸಿ ತರುವವರು ಬೀಳುವುದು ಇಂಥ ಗುಂಡಿಗಳಲ್ಲಿ. ಅದೇ ಕಾಲದ, ಅದೇ ಎಂಜಿನ್ನಿನ ಮ್ಯಾನುಯಲ್ ಟ್ರಕ್ಕಿನಿಂದ ಬಿಚ್ಚಿದ ಫ್ಲೈವೀಲಿಗೆ ಈ ಪ್ರಶ್ನೆಯೇ ಇಲ್ಲ. ಸರಿಯಾದ ಉತ್ತರವನ್ನು ಕಾರ್ಖಾನೆಯವರು ಆಗಲೇ ಬರೆದಿಟ್ಟಿರುತ್ತಾರೆ.

ಎರಡನೆಯ ನಂಟು ಕಾಲಿನದು. ಕ್ಲಚ್ ಪೆಡಲ್ ಎಂದರೆ ಬರೀ ಒಂದು ಪೆಡಲಲ್ಲ. ಅದರ ಶಾಫ್ಟು ಬ್ರೇಕ್ ಪೆಡಲಿನ ಚೌಕಟ್ಟಿನಲ್ಲೇ ಕೂರುವಂಥದ್ದು. ಅದರಿಂದ ಮಾಸ್ಟರ್ ಸಿಲಿಂಡರಿಗೆ ಕಡ್ಡಿ, ಕ್ಯಾಬಿನ್ನಿಗೂ ಎಂಜಿನ್ನಿಗೂ ನಡುವಿನ ತಗಡಿನ ಗೋಡೆಗೆ ತೂತು, ಅಲ್ಲಿಂದ ಗೇರ್‌ಬಾಕ್ಸಿಗೆ ಎಣ್ಣೆಯ ಕೊಳವೆ. ಈ ಟ್ರಕ್ಕಿಗೆ ಬರುತ್ತಿದ್ದ ಎಂ5ಒಡಿ-ಆರ್2 ಎಂಬ ಐದು ಗೇರಿನ ಪೆಟ್ಟಿಗೆಯಲ್ಲಿ ಕೆಳಗಿನ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗಿನ ಒಳಗೆ, ಶಾಫ್ಟಿಗೆ ಬಳೆ ತೊಡಿಸಿದಂತೆ ಕೂತಿದೆ. ಅಲ್ಲಿ ಒಂದು ಹನಿ ಸೋರಿದರೂ ಪೆಟ್ಟಿಗೆ ಇಳಿಸಬೇಕು. ಆದ್ದರಿಂದ ಇಡೀ ಸಾಹಸದಲ್ಲಿ ಹೊಸದಾಗಿಯೇ ಕೊಳ್ಳಬೇಕಾದ ಸಾಮಾನು ಅದು, ಕ್ಲಚ್ ಪ್ಲೇಟಿನ ಜತೆಗೆ. ಇದೇ ಪೆಟ್ಟಿಗೆಯ ಮೇಲ್ಮುಚ್ಚಳದ ಹಿಂಬದಿಯಲ್ಲಿ ಮೂರು ಪುಟ್ಟ ರಬ್ಬರ್ ಬಿರಡೆಗಳಿವೆ. ವರ್ಷಗಳ ಬಿಸಿಗೆ ಅವು ಕುಗ್ಗಿ ಎಣ್ಣೆ ಒಸರುತ್ತದೆ, ಮಾಲೀಕನಿಗೆ ಗೊತ್ತಾಗುವ ಹೊತ್ತಿಗೆ ಹಲ್ಲುಗಳು ಒಣಗಿ ಸುಟ್ಟಿರುತ್ತವೆ. ಗುಜರಿಯಲ್ಲಿ ಆರಿಸುವವರು ಮೊದಲು ಬೆರಳಾಡಿಸಿ ನೋಡಬೇಕಾದ ಜಾಗ ಅದು. ಮೇಲೆ ಜಿಡ್ಡು ಕಟ್ಟಿದ್ದರೆ ಒಳಗೆ ಬರಗಾಲ. ಲೋಹದ ಬಿರಡೆ ಹಾಕಿಬಿಟ್ಟರೆ ಆ ತೊಂದರೆ ತೀರಿತು. ಅಂದಹಾಗೆ ಈ ಮ್ಯಾನುಯಲ್ ಪೆಟ್ಟಿಗೆ ಕುಡಿಯುವುದೂ ಆಟೊಮ್ಯಾಟಿಕ್‌ನ ಅದೇ ತೆಳು ಕೆಂಪು ಎಣ್ಣೆಯನ್ನು. ಮಂದವಾದ ಗೇರ್ ಆಯಿಲ್ ಸುರಿದರೆ ಅದಕ್ಕೆ ಅಜೀರ್ಣ.

ಮೂರನೆಯ ನಂಟು ತಂತಿಯದು. ಅಗ್ಗದ ಕೆಲಸ ಅಪಾಯವಾಗುವುದು ಇಲ್ಲಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಸ್ಟಾರ್ಟರಿಗೆ ಹೋಗುವ ಕರೆಂಟು ಗೇರ್‌ಬಾಕ್ಸಿನ ಪಕ್ಕದ ಸ್ವಿಚ್ಚೊಂದನ್ನು ಹಾದು ಹೋಗುತ್ತದೆ. ಪಾರ್ಕಿನಲ್ಲೋ ನ್ಯೂಟ್ರಲ್‌ನಲ್ಲೋ ಇದ್ದರೆ ಮಾತ್ರ ದಾರಿ ತೆರೆಯುತ್ತದೆ. ಪೆಟ್ಟಿಗೆ ಬಿಚ್ಚಿದ ಮೇಲೆ ಕೀಲಿ ತಿರುಗಿಸಿದರೆ ಗಾಡಿ ಕಮಕ್ ಕಿಮಕ್ ಎನ್ನುವುದಿಲ್ಲ. ಎರಡು ತಂತಿಗಳನ್ನು ಸುತ್ತಿ ಟೇಪು ಹಚ್ಚಿದರೆ ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಮರೆತು ಗೇರಿನಲ್ಲೇ ನಿಲ್ಲಿಸಿದ ದಿನ, ಕೀಲಿ ತಿರುಗಿಸಿದ ತಕ್ಷಣ ಎದುರಿಗಿರುವ ಗೋಡೆಯ ಮೇಲೋ ಮಗುವಿನ ಮೇಲೋ ನೆಗೆಯುತ್ತದೆ. ಆ ತಂತಿಗಳು ಕ್ಲಚ್ ಪೆಡಲಿನ ಸ್ವಿಚ್ಚಿಗೇ ಹೋಗಬೇಕು. ರಿವರ್ಸ್ ದೀಪಕ್ಕೂ ಹೊಸ ಪೆಟ್ಟಿಗೆಯ ಸ್ವಿಚ್ಚಿನಿಂದ ಸಂಪರ್ಕ ಕೊಡಬೇಕು. ಆಟೊಮ್ಯಾಟಿಕ್‌ಗಿದ್ದ ಪಾರ್ಕ್ ಎಂಬ ಬೀಗವೂ ಈಗ ಇಲ್ಲ. ಅದನ್ನೇ ನಂಬಿಕೊಂಡಿದ್ದ ಮಾಲೀಕ ಪಾರ್ಕಿಂಗ್ ಬ್ರೇಕನ್ನು ವರ್ಷಗಟ್ಟಲೆ ಮುಟ್ಟದೆ ಕೇಬಲ್ಲು ತುಕ್ಕು ಹಿಡಿದಿದ್ದರೆ ಅದಕ್ಕೂ ಖರ್ಚು. ಇನ್ನು ಕಂಪ್ಯೂಟರ್. ಈ ಟ್ರಕ್ಕಿನ ಇ4ಒಡಿ ಆಟೊಮ್ಯಾಟಿಕ್‌ಗೆ ಗೇರು ಬದಲಿಸುವ ಆಜ್ಞೆ ಕೊಡುತ್ತಿದ್ದದ್ದು ಎಂಜಿನ್ನಿನ ಕಂಪ್ಯೂಟರೇ. ಪೆಟ್ಟಿಗೆ ಕಾಣೆಯಾದರೆ ಅದು ದೂರು ದಾಖಲಿಸುತ್ತ ಎಚ್ಚರಿಕೆ ದೀಪ ಹೊತ್ತಿಸುತ್ತದೆ. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರು, ಪಿಕಪ್ಪುಗಳಿಗೆಲ್ಲ ಒಬಿಡಿ-2 ಎಂಬ ತಪಾಸಣಾ ವ್ಯವಸ್ಥೆ ಕಡ್ಡಾಯವಾಯಿತು. ಹೊಗೆ ಪರೀಕ್ಷೆ ಇರುವ ಅನೇಕ ರಾಜ್ಯಗಳು ಆ ದೂರುಪಟ್ಟಿಯನ್ನೇ ಓದುತ್ತವೆ. ಹಾಗಾಗಿ ಅದಕ್ಕಿಂತ ಹಿಂದಿನ ಟ್ರಕ್ಕುಗಳಲ್ಲಿ ಈ ಕೆಲಸ ಸಲೀಸು. ಅಲ್ಲೂ ಮ್ಯಾನುಯಲ್ ಟ್ರಕ್ಕಿನ ಕಂಪ್ಯೂಟರನ್ನೇ ತಂದು ಕೂರಿಸುವುದು ವಾಸಿ. ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಅಡ್ಡಪಟ್ಟಿಯ ಜಾಗ, ನೆಲದ ತೂತಿನ ಮೇಲಿನ ಮುಚ್ಚಳ, ರಬ್ಬರ್ ಚೀಲ, ಹೆಸರಿಲ್ಲದ ಬೋಲ್ಟುಗಳು ಎಲ್ಲವೂ ಬೇರೆಯೇ. ಒಂದೊಂದೂ ಚಿಲ್ಲರೆ ಬಾಬ್ತು, ಸೇರಿದರೆ ಗೇರ್‌ಬಾಕ್ಸಿನ ಬೆಲೆಯನ್ನು ನುಂಗುವಂಥವು. ಇಡೀ ಟ್ರಕ್ ಕೊಂಡವನಿಗೆ ಇವೆಲ್ಲ ಒಂದೇ ಅಂಗಳದಲ್ಲಿ, ಎಲ್ಲಿ ಕೂರಬೇಕೋ ಅಲ್ಲೇ ಕೂತು ಕಾಣುತ್ತವೆ. ಕೆಲಸ ಮುಗಿದ ಮೇಲೆ ಅದರ ಬಾಗಿಲು, ರೇಡಿಯೇಟರು, ಎಂಜಿನ್ನು ಮಾರಿ, ಉಳಿದದ್ದನ್ನು ತೂಕಕ್ಕೆ ಹಾಕಿದರೆ ಕೊಟ್ಟ ಹಣದ ಒಳ್ಳೆಯ ಪಾಲು ಹಿಂದಕ್ಕೆ ಬರುತ್ತದೆ.

ಇಷ್ಟೆಲ್ಲ ರಗಳೆ ಏಕೆ, ಗುಜರಿಯಿಂದ ಇನ್ನೊಂದು ಆಟೊಮ್ಯಾಟಿಕ್ಕನ್ನೇ ತಂದರೆ ಆಗದೇ ಎಂಬ ಆಕ್ಷೇಪ ಬಲವಾದದ್ದು. ಟ್ರಕ್ ಓಡಿದರೆ ಸಾಕು ಎನ್ನುವವರಿಗೆ ನಿಜಕ್ಕೂ ಅದೇ ಅಗ್ಗ. ತೂತು ಕೊರೆಯಬೇಕಿಲ್ಲ, ತಂತಿ ಬದಲಿಸಬೇಕಿಲ್ಲ. ತೊಡಕಿರುವುದು ಹಳೆಯ ಸಾಮಾನನ್ನು ಅಳೆಯುವುದರಲ್ಲಿ. ಮ್ಯಾನುಯಲ್ ಪೆಟ್ಟಿಗೆಯ ಮುಚ್ಚಳ ತೆರೆದರೆ ಹಲ್ಲುಗಳು ಕಣ್ಣೆದುರಿಗಿವೆ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಅಲುಗಿಸಿ, ಐದೂ ಗೇರು ಹಾಕಿ ನೋಡಬಹುದು. ಆಟೊಮ್ಯಾಟಿಕ್‌ನ ಆರೋಗ್ಯ ಅದರೊಳಗಿನ ಘರ್ಷಣೆಯ ಪಟ್ಟಿಗಳಲ್ಲಿ, ಎಣ್ಣೆಯ ಒತ್ತಡದಲ್ಲಿ, ಕೂದಲೆಳೆಯಂಥ ಕವಾಟಗಳಲ್ಲಿ ಅಡಗಿದೆ. ಭಾರ ಹೇರಿ ರಸ್ತೆಗಿಳಿಸುವವರೆಗೆ ಅದು ಬಾಯಿ ಬಿಡುವುದಿಲ್ಲ. ಗುಜರಿಯಲ್ಲಿ ಬಿದ್ದಿರುವ ಆಟೊಮ್ಯಾಟಿಕ್ ಅಲ್ಲಿಗೆ ಬಂದದ್ದೇಕೆ ಎಂಬುದೂ ಒಂದು ಪ್ರಶ್ನೆ. ಕಡಿಮೆ ಹಣವಿರುವವನಿಗೆ ಬೆಲೆಯಷ್ಟೇ ಮುಖ್ಯ, ಮೋಸಹೋಗುವ ಸಂಭವವೂ.

ಇನ್ನೊಂದು ಕಡೆಯಿಂದ ಮ್ಯಾನುಯಲ್ ಅಭಿಮಾನಿಗಳ ಹೆಗ್ಗಳಿಕೆಯನ್ನೂ ತೂಗಿ ನೋಡಬೇಕು. ಮ್ಯಾನುಯಲ್ ಹಾಕಿದರೆ ಎಳೆತ ಹೆಚ್ಚುತ್ತದೆ, ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ. ಇ4ಒಡಿಯ ಫಸ್ಟ್ ಗೇರಿನ ಅನುಪಾತ 2.71, ಎಂ5ಒಡಿ-ಆರ್2ರದು 3.90. ಕಾಗದದ ಮೇಲೆ ಮ್ಯಾನುಯಲ್ಲೇ ಗೆದ್ದಿತು. ಆದರೆ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಟಾರ್ಕ್ ಕನ್ವರ್ಟರ್ ಎಂಜಿನ್ನಿನ ತಿರುಚುಬಲವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಕೊಡುತ್ತದೆ. 2.71ರ ಎರಡು ಪಟ್ಟು 5.4ರ ಹತ್ತಿರ. ದೋಣಿಯ ಟ್ರೇಲರನ್ನು ನೀರಿನ ದಂಡೆಯಿಂದ ಮೇಲಕ್ಕೆ ಎಳೆಯುವಾಗ ಆಟೊಮ್ಯಾಟಿಕ್ಕೇ ಬಲಶಾಲಿ. ಮ್ಯಾನುಯಲ್‌ನವನು ಹಾಫ್ ಕ್ಲಚ್ಚಿನಲ್ಲಿ ಪ್ಲೇಟು ಸುಡುತ್ತಿರುತ್ತಾನೆ. ಹೆದ್ದಾರಿಯ ಕಥೆಯೂ ಅಷ್ಟೇ. ಆಟೊಮ್ಯಾಟಿಕ್‌ನ ಕಡೆಯ ಗೇರು 0.71, ಮ್ಯಾನುಯಲ್‌ನದು 0.80. ಅಂದರೆ ಅದೇ ವೇಗಕ್ಕೆ ಎಂಜಿನ್ನು ಸುಮಾರು ಶೇ. 13ರಷ್ಟು ಹೆಚ್ಚು ಸುತ್ತಬೇಕು. ಕನ್ವರ್ಟರಿನೊಳಗೆ ಎಣ್ಣೆ ಜಾರಿ ಹಾಳಾಗುವ ಶಕ್ತಿಯನ್ನು ಹೆದ್ದಾರಿಯಲ್ಲಿ ಲಾಕಪ್ ಕ್ಲಚ್ ಹೇಗೂ ತಡೆಯುತ್ತದೆ. ಊರೊಳಗಿನ ಓಡಾಟದಲ್ಲಿ ಮ್ಯಾನುಯಲ್ ಒಂದಿಷ್ಟು ಉಳಿಸಬಹುದು. ಆ ಉಳಿತಾಯದಿಂದ ಬದಲಾವಣೆಯ ಖರ್ಚು ಹುಟ್ಟುತ್ತದೆ ಎಂದುಕೊಂಡವರು ಬಹಳ ಕಾಲ ಕಾಯಬೇಕು. ಭಾರ ಎಳೆಯುವುದೇ ಉದ್ದೇಶವಾದರೆ ದೊಡ್ಡ ಫೋರ್ಡುಗಳಿಗೆ ಬರುತ್ತಿದ್ದ ಜರ್ಮನಿಯ ಝಡ್‌ಎಫ್ ಕಂಪನಿಯ ಪೆಟ್ಟಿಗೆಯಿದೆ, ಅದರ ಒಂದು ಬಗೆಯಲ್ಲಿ ಫಸ್ಟ್ ಗೇರು 5.72. ಆದರೆ ಅದರ ನೆಂಟರು ಬೇರೆ, ಲೆಕ್ಕ ಮತ್ತೆ ಮೊದಲಿನಿಂದ. ಹೀಗೆ ನೋಡಿದರೆ ಹಳೆಯ ಟ್ರಕ್ಕಿಗೆ ಮ್ಯಾನುಯಲ್ ಹಾಕಲು ಉಳಿಯುವ ಗಟ್ಟಿ ಕಾರಣ ಒಂದೇ: ಮುಂದೆ ಸವೆಯುವುದು ಬಹುಮಟ್ಟಿಗೆ ಕ್ಲಚ್ ಪ್ಲೇಟು, ಅದನ್ನು ಮನೆಯ ಶೆಡ್ಡಿನಲ್ಲೇ ಬದಲಿಸಬಹುದು. ಗೇರಿನ ಕಡ್ಡಿ ಕೈಯಲ್ಲಿರುವ ಸುಖ ಬೇರೆ. ಅದಕ್ಕೆ ಬೆಲೆ ಕಟ್ಟಲು ನಾನು ಹೋಗುವುದಿಲ್ಲ.

ನಮ್ಮಲ್ಲಿ ಇದೇ ನಂಟಸ್ತಿಕೆಯ ಲೆಕ್ಕ ಎದುರು ದಿಕ್ಕಿನಲ್ಲಿ ನಡೆದಿದೆ. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಕಾರಿಗೆ ಎಎಂಟಿ ತಂದಾಗ ಹೊಸ ಆಟೊಮ್ಯಾಟಿಕ್ ಪೆಟ್ಟಿಗೆಯನ್ನೇನೂ ಕೂರಿಸಲಿಲ್ಲ. ಮ್ಯಾನುಯಲ್ ಗೇರ್‌ಬಾಕ್ಸು, ಫ್ಲೈವೀಲು, ಕ್ಲಚ್ಚು ಎಲ್ಲವನ್ನೂ ಇದ್ದಲ್ಲೇ ಬಿಟ್ಟು, ಕ್ಲಚ್ ತುಳಿಯುವ ಮತ್ತು ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರದ ಕೈಗೆ ಕೊಟ್ಟರು. ನಂಟುಗಳನ್ನು ಕೆಡಿಸದೆ ಮೇಲಿನ ಕೈಯನ್ನಷ್ಟೇ ಬದಲಿಸಿದ್ದರಿಂದಲೇ ಅದು ಅಗ್ಗವಾಯಿತು. ಇಲ್ಲಿ ಕುಳಿತು ಅಮೆರಿಕದ ಸಾಹಸ ಮಾಡಹೊರಟವರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ನೋಂದಾಯಿತ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಅದರ ತಾತ್ಪರ್ಯ.

ಅಡಾಪ್ಟರ್ ತಟ್ಟೆಗಳನ್ನು ಬಳಸಿ ಯಾವ ಪೆಟ್ಟಿಗೆಯನ್ನು ಯಾವ ಎಂಜಿನ್ನಿಗೆ ಬೇಕಾದರೂ ಜೋಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಜೋಡಿಸಬಹುದು, ದುಡ್ಡಿದ್ದರೆ. ತಟ್ಟೆಯ ದಪ್ಪದಷ್ಟು ಶಾಫ್ಟು ಹಿಂದೆ ಸರಿಯುತ್ತದೆ, ಪೈಲಟ್ ಬೇರಿಂಗಿಗೆ ಮೂತಿ ಎಟುಕುವುದಿಲ್ಲ, ಅದಕ್ಕೆ ಲೇತಿನಲ್ಲಿ ಬುಷ್ ಕಡೆಸಬೇಕು, ಪ್ರೊಪೆಲ್ಲರ್ ಶಾಫ್ಟು ಕತ್ತರಿಸಬೇಕು. ಅಗ್ಗದ ದಾರಿ ತೆರೆದಿರುವುದು ಕಾರ್ಖಾನೆಯೇ ಎರಡೂ ಬಗೆಯಲ್ಲಿ ಮಾಡಿ ಮಾರಿದ ಟ್ರಕ್ಕುಗಳಿಗೆ ಮಾತ್ರ. ಆ ಪಟ್ಟಿ ಇನ್ನು ಬೆಳೆಯುವಂತೆ ಕಾಣುವುದಿಲ್ಲ. ಎಫ್-150ಕ್ಕೆ ಮ್ಯಾನುಯಲ್ ಬಂದದ್ದು 2008ರ ಮಾದರಿಯವರೆಗೆ. ದೊಡ್ಡ ಪಿಕಪ್ಪುಗಳಲ್ಲಿ ಕಡೆಯದಾಗಿ ಉಳಿದಿದ್ದ ರ‍್ಯಾಮ್ 2018ರ ಮಾದರಿಯ ನಂತರ ಅದನ್ನು ಕೈಬಿಟ್ಟಿತು. ಇಂದಿನ ಎಫ್-150ರ ಹತ್ತು ಗೇರಿನ ಆಟೊಮ್ಯಾಟಿಕ್ ಮುಂದೊಂದು ದಿನ ಕೆಟ್ಟು ನಿಂತಾಗ, ಗುಜರಿ ಅಂಗಳದಲ್ಲಿ ಹುಡುಕಲು ಮೂರು ಪೆಡಲಿನ ಒಡಹುಟ್ಟು ಅದಕ್ಕೆ ಇರುವುದಿಲ್ಲ.